ಗ್ರೇಸಮ್ಮ ಟೀಚರ ಪಿಯಾನೋ ಮತ್ತು ನನ್ನ ವಿಲೋಮ ಅನುಪಾತ

ಸಕ್ಕರೆ ಕೊಳ್ಳಲು ಹೋದವರ ಚೀಲಕ್ಕೆ ಯಾರೂ ಕೇಳದ ಸೋಪನ್ನೂ ಸೇರಿಸಿ ಕಳಿಸುವ ಚಾತುರ್ಯ ಅಂಗಡಿಯವರಿಗೆ ಮಾತ್ರ ಸಿದ್ಧಿಸಿದೆಯೆಂದು ನೀವು ತಿಳಿದಿದ್ದರೆ, ಟಿ. ನರಸೀಪುರದ ಗ್ರೇಸಮ್ಮ ಟೀಚರನ್ನು ನೀವು ಕಂಡಿಲ್ಲ. ನಿವೃತ್ತರಾದ ಮೇಲೆ ಆಕೆ ಗಣಿತವನ್ನು ಧರ್ಮಾರ್ಥವಾಗಿ ಕಲಿಸುತ್ತಿದ್ದರು. ಷರತ್ತು ಒಂದೇ: ಗಣಿತ ಬೇಕಾದವರು ಪಿಯಾನೋವನ್ನೂ ಕಲಿಯಬೇಕು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಮುಗ್ಗರಿಸಿದ್ದ ನನಗೆ ಬೇರೆ ಗತಿಯಿರಲಿಲ್ಲ. ಹೀಗಾಗಿ ಎಂಬತ್ತರ ದಶಕದ ಆರಂಭದಲ್ಲಿ ನಂಜನಗೂಡಿನ ಅರ್ಚಕರ ಮಗಳೊಬ್ಬಳು ವಾರಕ್ಕೆ ಮೂರು ಸಲ ಬಸ್ಸು ಹತ್ತಿ, ಪಾಶ್ಚಾತ್ಯ ಸಂಗೀತಕ್ಕೆ ದ್ರೋಹ ಬಗೆದು ಬರುತ್ತಿದ್ದಳು.

ಆ ಪಿಯಾನೋದ ನಟ್ಟನಡುವಿನ ಕೀ ಒಂದು ಮೂಕವಾಗಿತ್ತು. ನನ್ನ ಬೆರಳು ಅದರ ಮೇಲೆ ಬಿದ್ದಾಗಲೆಲ್ಲ ಟೀಚರೇ ಪಕ್ಕದಲ್ಲಿ ನಿಂತು ಆ ಕೀಯ ಸ್ವರವನ್ನು "ಡೋ!" ಎಂದು ಕೂಗಿ ಕೊರತೆ ತುಂಬುತ್ತಿದ್ದರು. ಬೀದಿಯಲ್ಲಿ ಹೋಗುವವರು, ಒಳಗೆ ಯಾರೋ ಎಮ್ಮೆ ಅಟ್ಟುತ್ತಿದ್ದಾರೆಂದು ಭಾವಿಸುತ್ತಿದ್ದರು.

ಮೂರನೆಯ ಸಲದ ಪರೀಕ್ಷೆಯ ಹಿಂದಿನ ದಿನ ಮನೆಯಲ್ಲಿ ಲೆಕ್ಕದ ಪುಸ್ತಕ ಹಿಡಿದು ಕುಳಿತಿದ್ದೆ. ಆರು ಆಳು ಎಂಟು ದಿನದಲ್ಲಿ ಕಟ್ಟುವ ಗೋಡೆಯನ್ನು ಹನ್ನೆರಡು ಆಳು ಎಷ್ಟು ದಿನದಲ್ಲಿ ಕಟ್ಟುತ್ತಾರೆ? ನನ್ನ ಉತ್ತರ ಸದಾ ಹದಿನಾರು. ನಮ್ಮ ಮನೆಯ ಮದುವೆಗಳಲ್ಲಿ ಜನ ಹೆಚ್ಚಿದಷ್ಟೂ ಕೆಲಸ ಬೆಳೆಯುವುದನ್ನು ನಾನು ಕಣ್ಣಾರೆ ಕಂಡಿದ್ದೆ.

"ಆ ಗೋಡೆ ಎಲ್ಲೂ ಓಡ್ಹೋಗಲ್ಲ ಕಣೇ ಕಮಲಾ. ಮೊದಲು ಪುಟ್ಟಸ್ವಾಮಿನ ಕರ್ಕೊಂಡ್ ಬಾ, ಹೊಲಿಗೆ ಮಿಷನ್ ಬೆಲ್ಟ್ ಕಿತ್ತೋಗಿದೆ" ಎಂದಳು ಅಮ್ಮ.

ಟೀಚರೂ ಪಿಯಾನೋ ಸರಿಮಾಡುವವರನ್ನು ಹುಡುಕಿ ತರಲು ಹೇಳಿದ್ದರು. ಎರಡು ಯಂತ್ರಕ್ಕೆ ಒಬ್ಬನೇ ವೈದ್ಯ ಸಾಲದೇ? ಹೊಲಿಗೆ ಯಂತ್ರ ರಿಪೇರಿಯ ಪುಟ್ಟಸ್ವಾಮಿಯನ್ನು, ಹೊಸ ಬೆಲ್ಟಿನ ಸಮೇತ, ನಮ್ಮ ಮನೆಗೆ ಕರೆತರುವ ಬದಲು ನೇರವಾಗಿ ನರಸೀಪುರದ ಬಸ್ಸಿಗೆ ಹತ್ತಿಸಿದೆ. ದಾರಿಯುದ್ದಕ್ಕೂ ಅವನ ಪಕ್ಕದಲ್ಲಿ ಕುಳಿತು ಗೋಡೆಯ ಲೆಕ್ಕವನ್ನು ಗಟ್ಟಿಯಾಗಿ ಜಪಿಸಿದೆ.

ಪಿಯಾನೋ ಕಂಡು ಅವನು ಬೆರಗಾದ. "ಇದೇನ್ರವ್ವಾ, ಇಷ್ಟೊಂದು ಅಲ್ಲು! ಇದು ಏನ್ ಒಲಿತದೆ?"

"ಹೊಲಿಯಲ್ಲಪ್ಪಾ, ಹಾಡುತ್ತೆ" ಎಂದರು ಟೀಚರು.

ಒಳಗೆ ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಯೊಂದರ ಉಣ್ಣೆಯನ್ನು ಇಲಿ ತಿಂದಿತ್ತು. ಪುಟ್ಟಸ್ವಾಮಿ ಅಮ್ಮನಿಗೆಂದು ತಂದ ತೊಗಲಿನ ಬೆಲ್ಟಿನ ತುದಿಯನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ ಅಲ್ಲಿ ಅಂಟಿಸಿದ. ನಾನು ಒತ್ತಿದೆ. ಪಿಯಾನೋ ನುಡಿಯಿತು, ಅದೇ ಕ್ಷಣ ಟೀಚರೂ ಅಭ್ಯಾಸಬಲದಿಂದ ಕೂಗಿ, ನಾಚಿ ಬಾಯಿ ಮುಚ್ಚಿಕೊಂಡರು.

ಆ ಸಂಕೋಚ ಮರೆಸಲೋ ಏನೋ, ತೆರೆದ ತಂತಿಗಳನ್ನು ತೋರಿಸಿ, "ನೋಡು ಕಮಲಾ, ತಂತಿ ಚಿಕ್ಕದಾದಷ್ಟೂ ಕಂಪನ ಹೆಚ್ಚು. ಇದೇ ವಿಲೋಮ ಅನುಪಾತ" ಎಂದರು. ನಾನು ತಲೆಯಾಡಿಸಿದೆ. ಗಣಿತದಲ್ಲಿ ನನಗೆ ಪೂರ್ಣ ಪ್ರಭುತ್ವವಿದ್ದದ್ದು ತಲೆಯಾಡಿಸುವುದರಲ್ಲಿ ಮಾತ್ರ.

ಪುಟ್ಟಸ್ವಾಮಿಗೆ ತಡೆಯಲಾಗಲಿಲ್ಲ. "ಮಿಷನ್ ಕಂಡಿಲ್ವೇನವ್ವಾ? ಕೆಳಗಿನ ದೊಡ್ಡ ಚಕ್ರ ಒಂದು ಸುತ್ತು ಬರೋ ಒತ್ಗೆ ಮೇಗಳ ಪುಟ್ಟ ಚಕ್ರ ನಾಕು ಸುತ್ತು ಒಡ್ದಿರ್ತದೆ. ಚಕ್ರ ಚಿಕ್ಕದಾದಂಗೆ ಸುತ್ತು ಜಾಸ್ತಿ. ನಿನ್ ಗೋಡೆನೂ ಅಂಗೇಯ, ಆಳು ಜಾಸ್ತಿ ಆದಂಗೆ ದಿನ ಕಮ್ಮಿ."

"ನಾಲ್ಕು ದಿನ!" ಎಂದೆ. ನನ್ನ ಬಾಯಿಂದ ಬಂದದ್ದು ನನಗೇ ನಂಬಿಕೆಯಾಗಲಿಲ್ಲ.

ಒಂದು ವರ್ಷ ಹೆಣಗಿದ್ದ ಟೀಚರು ಮೆಲ್ಲನೆ ಕುರ್ಚಿಯಲ್ಲಿ ಕುಳಿತರು. "ನೀನ್ಯಾಕಪ್ಪಾ ಮೇಷ್ಟ್ರಾಗಲಿಲ್ಲ?"

"ಲೆಕ್ಕದಲ್ಲಿ ಪೇಲಾದೆ ಕಣ್ರಮ್ಮಾ. ಮೂರ್ ಸಲ."

ಹಿಂತಿರುಗುವಾಗ ಬಸ್ಸಿನಲ್ಲಿ ಅವನು ನನ್ನ ಪುಸ್ತಕ ಕೇಳಿ ಪಡೆದು, ಎಣ್ಣೆಗಪ್ಪಿನ ಬೆರಳನ್ನು ವಿಲೋಮ ಅನುಪಾತದ ಸಾಲುಗಳ ಮೇಲೆ ಹರಿಸುತ್ತ ಕುಳಿತ. ನಂಜನಗೂಡು ಬಂದಾಗ, "ನಾನು ದಿನಾ ಮಾಡೋದುಕ್ಕೆ ಇಂಥಾ ದೊಡ್ಡ ಎಸ್ರು ಐತೆ ಅಂತ ಆಗ ಯಾರೂ ಯೋಳ್ಲಿಲ್ವಲ್ಲ" ಎಂದ. ತಿಳಿವಳಿಕೆ ಕೈಯಲ್ಲಿದ್ದೂ ಅದರ ಹೆಸರು ಸಿಕ್ಕದೆ ಸೋತವರು ಎಷ್ಟು ಮಂದಿಯೋ ಎಂದು ನನಗೆ ಅನ್ನಿಸಿದ್ದು ಅಂದೇ ಮೊದಲು.

ಮರುದಿನ ಪರೀಕ್ಷೆ ಬರೆದು ಬಂದವಳೇ ಆ ಪುಸ್ತಕವನ್ನು ಅವನಿಗೆ ಕೊಟ್ಟುಬಂದೆ. ಫಲಿತಾಂಶಕ್ಕೆ ಮುಂಚೆ ಯಾರಾದರೂ ಹೀಗೆ ಮಾಡುತ್ತಾರೆಯೇ ಎಂದು ಅಮ್ಮ ಗೊಣಗಿದಳು. ನನಗೆ ಮಾತ್ರ ಅದು ಮತ್ತೆ ಬೇಕಾಗುವುದಿಲ್ಲವೆಂದು ಗೊತ್ತಿತ್ತು.