ಕೊಂಕಣಿ ಮಾತಾಡಿದ್ದಕ್ಕೆ

ಎಪ್ಪತ್ತರ ದಶಕದ ಕೊನೆ. ಬೆಳ್ಮಣ್ ಕಡೆಯ ಒಂದು ಶಾಲೆಯಲ್ಲಿ ನಾನು ಮೂರನೆಯ ತರಗತಿ. ಮನೆಯಲ್ಲಿ ನಮ್ಮದು ಕೊಂಕಣಿ. ತರಗತಿಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡಿದರೆ ಮಾಸ್ಟ್ರ ಬೆತ್ತ ಬೀಳುತ್ತಿತ್ತು. ಅವರು ಹತ್ತಿರ ಬಂದರೆ ಸಾಕು, ನನಗೆ ಗೊತ್ತಿದ್ದ ಕನ್ನಡವೂ ಮರೆತುಹೋಗುತ್ತಿತ್ತು.

ಒಂದು ಮಧ್ಯಾಹ್ನ ಹೊಟ್ಟೆ ನುಲಿಯತೊಡಗಿತು. ಪಕ್ಕದ ಹುಡುಗಿಗೆ ಮೆಲ್ಲಗೆ, "ಪೊಟಾಂತ್ ದುಕ್ತಾ" ಎಂದೆ. ಹೊಟ್ಟೆನೋವು ಎನ್ನುವುದಕ್ಕೆ ಆ ಹೊತ್ತಿಗೆ ಬೇರೆ ಮಾತು ಬರಲಿಲ್ಲ. ಮಾಸ್ಟ್ರಿಗೆ ಕೇಳಿಸಿತು. ರಟ್ಟೆ ಹಿಡಿದು ಎಳೆದುಕೊಂಡು ಹೋಗಿ, ಉಪ್ಪಿಟ್ಟಿನ ರವೆ ಇಡುವ ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದರು.

ಕಿಟಕಿಯಿಲ್ಲದ ಕೋಣೆ. ಚೀಲಗಳ ನಡುವೆ ಇಲಿಗಳು ಓಡಾಡುವುದು ಕೇಳುತ್ತಿತ್ತು. ಕಾಲುಗಳನ್ನು ಮಡಚಿ ಮೂಲೆಯಲ್ಲಿ ಕುಳಿತೆ. ತಡೆಯಲಾಗದೆ ಬಟ್ಟೆಯಲ್ಲೇ ಉಚ್ಚೆ ಹೋಯಿತು. ಕೂಗಬೇಕೆನಿಸಿತು. ಆದರೆ ಬಾಯಿ ತೆರೆದರೆ ಕೊಂಕಣಿಯೇ ಬರುತ್ತದೆಂದು ಗೊತ್ತಿತ್ತು. ಜಡೆಯ ರಿಬ್ಬನ್ನಿನ ತುದಿಯನ್ನು ಕಚ್ಚಿ ಹಿಡಿದೆ.

ಗಂಟೆ ಹೊಡೆಯಿತು. ಮಕ್ಕಳ ಗಲಾಟೆ ದೂರವಾಯಿತು. ಮಾಸ್ಟ್ರು ನನ್ನನ್ನು ಮರೆತೇ ಹೋಗಿದ್ದರು.

ನಾನು ಮನೆಗೆ ಬಾರದಿದ್ದಾಗ ಅಮ್ಮ ಆ ಹುಡುಗಿಯನ್ನು ಕೇಳಿ, ಮಾಸ್ಟ್ರು ನನ್ನನ್ನು ಎಲ್ಲೋ ಕೂಡಿಹಾಕಿದ್ದಾರೆಂದು ತಿಳಿದುಕೊಂಡು ಶಾಲೆಗೆ ಓಡಿ ಬಂದರು. ಹೊರಗಿನಿಂದ ನನ್ನನ್ನು ಕರೆದರು, ಮತ್ತೆ ಮತ್ತೆ ಕರೆದರು. ನಾನು ಓಗೊಡಲಿಲ್ಲ. ಪಕ್ಕದಲ್ಲೇ ಮಾಸ್ಟ್ರು ನಿಂತಿರಬಹುದೆಂಬ ಹೆದರಿಕೆ. ಕೊನೆಗೆ ಅಮ್ಮನೇ ಒಂದೊಂದು ಬಾಗಿಲು ತೆರೆಯುತ್ತಾ ಬಂದು ನನ್ನನ್ನು ಎತ್ತಿಕೊಂಡರು.

ಮರುದಿನ ಬೇಡವೆಂದು ಅತ್ತರೂ ಕೇಳದೆ ಹೆಡ್‌ಮಾಸ್ಟ್ರ ಬಳಿಗೆ ಕರೆದುಕೊಂಡು ಹೋದರು. ಅಮ್ಮನ ಕನ್ನಡ ತಡೆದು ತಡೆದು ಬರುತ್ತಿತ್ತು.

"ಮಗು ತಪ್ಪು ಮಾಡಿದ್ರೆ ನನಗೆ ಹೇಳಿ. ಚಿಲಕ ಹಾಕಿ ಇಡ್ಲಿಕ್ಕೆ ಅದು ಎಂತ, ದನವಾ?"

"ಶಾಲೆ ಅಂದ್ಮೇಲೆ ಶಿಸ್ತು ಬೇಕಲ್ವಾ?" ಎಂದರು ಹೆಡ್‌ಮಾಸ್ಟ್ರು.

"ಹೊಟ್ಟೆನೋವು ಅಂತ ಹೇಳ್ಲಿಕ್ಕೂ ಮಗು ಹೆದರ್ಬೇಕಾ? ನಿಮ್ಮ ಮನೆಯಲ್ಲೂ ಮಕ್ಕಳು ಉಂಟಲ್ವಾ?"

ಹೆಡ್‌ಮಾಸ್ಟ್ರು ನಮ್ಮ ಮಾಸ್ಟ್ರನ್ನು ಕರೆಸಿ, ಇನ್ನು ಯಾವ ಮಗುವನ್ನೂ ಕೂಡಿಹಾಕಬಾರದು ಎಂದರು. ಮಾಸ್ಟ್ರು ತಲೆಯಾಡಿಸಿದರು. ಆದರೆ ನೋಡಿದ್ದು ನನ್ನನ್ನು. ಆ ನೋಟಕ್ಕೆ ಅಮ್ಮನ ಸೀರೆಯ ಹಿಂದೆ ಅಡಗಿದೆ.

ಮತ್ತೆ ಅಲ್ಲಿ ಯಾರನ್ನೂ ಕೂಡಿಹಾಕಲಿಲ್ಲ. ನಾನು ಮಾತ್ರ ವರ್ಷವಿಡೀ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಮುಂದಿನ ವರ್ಷ ಅಮ್ಮ ಕಾರ್ಕಳದ ಶಾಲೆಗೆ ಸೇರಿಸಿದರು. ಅಲ್ಲಿನ ಟೀಚರ್, "ನಿನಗೆ ಯಾವ ಭಾಷೆ ಬರ್ತದೋ ಅದರಲ್ಲೇ ಹೇಳು" ಎಂದರು. ಅವರನ್ನು ನಂಬಲು ನನಗೆ ಇಡೀ ಮಳೆಗಾಲ ಬೇಕಾಯಿತು.