ಎಲ್ಲಿದ್ದೀ ಹೇಳು

ವೈನಿ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇ ಕಂಪ್ಯೂಟರ್ ಆಟ ಆಡುತ್ತಿದ್ದರು. ಎಡಗೈ ಬೆರಳ ಸಂದಿಯಲ್ಲಿ ರೊಟ್ಟಿ ಹಿಟ್ಟು ಒಣಗಿರುತ್ತಿತ್ತು. ಅವರ ಕೀಬೋರ್ಡಿನಲ್ಲಿ, ಆಟದಲ್ಲಿ ಓಡಲು ಒತ್ತುವ ಗುಂಡಿಗಳ ಅಕ್ಷರವೆಲ್ಲ ಅಳಿಸಿಹೋಗಿತ್ತು.

ಬೆಳಗಾವಿಯ ಹಿಂದವಾಡಿಯಲ್ಲಿ ಅವರದೊಂದು ಸೈಬರ್ ಕೆಫೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದರು. ಅಣ್ಣನ ಹೆಂಡತಿಯನ್ನು ಕರೆಯುವಂತೆ ಕಾಲೇಜು ಹುಡುಗರೆಲ್ಲ ಅವರನ್ನು ವೈನಿ ಎನ್ನುತ್ತಿದ್ದರು. ನಾನು ಖಾನಾಪುರದವಳು, ಕಾಲೇಜಿಗೆಂದು ಬಂದು ಅಲ್ಲೇ ಹತ್ತಿರ ಬಾಡಿಗೆ ಕೋಣೆ ಹಿಡಿದಿದ್ದೆ. ದಿನವಿಡೀ ಮಾತಾಡಿಸುವವರಿಲ್ಲ. ಮೇಲ್ ನೋಡುವ ನೆಪ ಮಾಡಿ ಕೆಫೆಯಲ್ಲಿ ಕೂರುತ್ತಿದ್ದೆ. ನನಗೆ ಮೇಲ್ ಬರೆಯುವವರಾದರೂ ಯಾರಿದ್ದರು! ವೈನಿಗೆ ಅದು ಗೊತ್ತಾಗಿಯೇ ಇರಬೇಕು. ಒಂದು ಭಾನುವಾರ ಅವರ ಆಟದ ತಂಡಕ್ಕೆ ಐದನೆಯವರು ಕಮ್ಮಿ ಬಿದ್ದಾಗ, "ಏ ಹುಡುಗಿ, ಬಾ ಇಲ್ಲಿ, ಕುಂದರು" ಎಂದು ಬಾಜೂ ಕುರ್ಚಿ ಎಳೆದರು.

ಬಂದೂಕಿನ ಆಟ. ಇತ್ತ ನಾವು ಐವರು, ಅತ್ತ ಇಂಟರ್‌ನೆಟ್‌ನಲ್ಲಿ ಮಹಾಂತೇಶ ನಗರದ ಕೆಫೆಯ ಐವರು. ನಾನು ಶುರುವಾದೊಡನೆ ಒಬ್ಬಳೇ ಓಡಿಹೋಗಿ ಗುಂಡು ತಿಂದು ಬೀಳುತ್ತಿದ್ದೆ. ಬಿದ್ದೊಡನೆ ಕುರ್ಚಿಯಿಂದ ಎದ್ದು ನೀರು ಕುಡಿಯಲು ಹೊರಡುತ್ತಿದ್ದೆ. "ವೈನಿ, ಈಕಿ ಬ್ಯಾಡ್ರಿ, ಸೋಲಸ್ತಾಳ" ಎಂದು ಒಬ್ಬ ಹುಡುಗ ನನಗೆ ಕೇಳುವಂತೆಯೇ ಹೇಳಿದ. ಆ ಕುರ್ಚಿಯೂ ಹೋದರೆ ಬೆಳಗಾವಿಯಲ್ಲಿ ನನ್ನದೆನ್ನಲು ಏನೂ ಉಳಿಯುತ್ತಿರಲಿಲ್ಲ.

ವೈನಿ ಗುರಿ ಹಿಡಿಯುವುದನ್ನು ಕಲಿಸಲೇ ಇಲ್ಲ. "ಗುರಿ ತಾನ ಬರ್ತದ. ಮೊದಲ ಬಾಯಿ ಬಿಡು. ಎಲ್ಲಿದ್ದೀ ಹೇಳು, ಯಾರು ಕಂಡ್ರು ಹೇಳು. ಸತ್ರೂ ಎಲ್ಲಿ ಸತ್ತಿ ಹೇಳು. ಸತ್ತ ಮ್ಯಾಲ ಏಳಬ್ಯಾಡ, ಉಳದವರ ಆಟ ನೋಡು" ಎಂದರು.

ಬಾಯಿ ಬಿಡುವುದೇ ನನಗೆ ಕಷ್ಟ. ಸಹಾಯ ಕೇಳಿದರೆ ಮರ್ಯಾದೆ ಹೋಯಿತೆಂದುಕೊಂಡೇ ಬೆಳೆದವಳು. ಕೊನೆಗೊಮ್ಮೆ ಧೈರ್ಯ ಮಾಡಿ, "ವೈನಿ, ನಿಮ್ಮ ಹಿಂದ ಒಬ್ಬಾಂವ ಬರಾಕತ್ತಾನ ನೋಡ್ರಿ" ಎಂದು ಮುಗಿಸುವಷ್ಟರಲ್ಲಿ ಅವರು ಸತ್ತಿದ್ದರು. ಇಡೀ ಕೆಫೆ ನಕ್ಕಿತು. "ಹಿಂದ ಅನ್ನು, ಸಾಕು. ಗೌರವ ಆಟ ಮುಗದ ಮ್ಯಾಲ ಕೊಡು" ಎಂದು ಅವರೂ ನಕ್ಕರು. ಬೇಸಿಗೆ ಹೊತ್ತಿಗೆ ನಾನು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದೆ. ಒಮ್ಮೆ "ಮೆಟ್ಟಲ ಕೆಳಗ ಅದೀನಿ, ಬರ್ರಿ!" ಎಂದಾಗ ಮೊದಲು ಓಡಿಬಂದವನು ನನ್ನನ್ನು ಬೇಡವೆಂದಿದ್ದ ಆ ಹುಡುಗನೇ. ಓಡಿಬಂದದ್ದು ಪರದೆಯ ಮೇಲಷ್ಟೇ, ಆದರೂ ನನಗೆ ಕಣ್ಣು ತುಂಬಿತು.

ಮರುವರ್ಷ ಇದ್ದಕ್ಕಿದ್ದಂತೆ ಕೆಫೆ ಮುಚ್ಚಿತು. "ಊರಿಗೆ ಹೋಗ್ಯಾರ" ಎಂದರು ಬಾಜೂ ಅಂಗಡಿಯವರು. ಯಾವ ಊರೆಂದು ಅವರಿಗೂ ಗೊತ್ತಿರಲಿಲ್ಲ. ನಾನು ಪರೀಕ್ಷೆಗೆ ಓದಲೆಂದು ಖಾನಾಪುರದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ಒಂದು ದಿನ ಊಟಕ್ಕೆ ಬಡಿಸುತ್ತ ಅವ್ವ ಹೇಳಿದಳು: "ಹಿಂದಿನ ಓಣ್ಯಾಗ ಒಬ್ಬಾಕಿ ತೀರ್ಕೊಂಡ್ಳು. ಬೆಳಗಾವ್ಯಾಗ ಕಂಪ್ಯೂಟರ್ ಅಂಗಡಿ ಇಟ್ಟಿದ್ಲಂತ. ಜಡ್ಡಾಗಿ ತಂಗಿ ಮನಿಗೆ ಬಂದಿದ್ಲು."

ಕೈ ತೊಳೆಯದೆ ಓಡಿದೆ. ನಾನು ಯಾರೆಂದು ಕೇಳಿ ಆ ತಂಗಿ ನನ್ನ ಕೈ ಹಿಡಿದುಕೊಂಡರು. "ನಿನ್ನ ಭಾಳ ನೆನಸ್ತಿದ್ಲವಾ. ಇಲ್ಲೇ ಆಕಿ ಮನಿ ಅದ ಅಂತಿ, ಕರೀಲೇನ ಅಂತ ನಾ ಕೇಳಿದ್ರ, ಬ್ಯಾಡ, ಆಕಿ ಓದಾಕತ್ತಾಳ, ತ್ರಾಸ ಯಾಕ ಅಂದ್ಲು."

ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಇವತ್ತಿಗೂ ಅದು ಇಳಿದಿಲ್ಲ. ಕಷ್ಟ ಬಂದಾಗ ಈಗ ನಾನು ಸುಮ್ಮನೆ ಕೂರುವವಳಲ್ಲ, ಫೋನು ಮಾಡಿ ಎಲ್ಲಿದ್ದೇನೆಂದು ಹೇಳುತ್ತೇನೆ, ಯಾರಾದರೂ ಬರುತ್ತಾರೆ. ಅದನ್ನು ಕಲಿಸಿದವರು ಅವರು. ಒಂದು ಮಾತು ಸಾಕಿತ್ತು ವೈನಿ. ಒಂದು ಓಣಿ ದಾಟಿದರೆ ಬಂದುಬಿಡುತ್ತಿದ್ದೆ.