ಹಡಗಿನ ತಳದಲ್ಲಿ ನಿಂತ ಓದು

ಗುಲಾಮ ಎಂದರೆ ನನಗೆ ಇಸ್ಪೀಟಿನ ಎಲೆಯಷ್ಟೇ ಗೊತ್ತಿತ್ತು, ರಾಣಿಗಿಂತ ಒಂದು ಮೆಟ್ಟಿಲು ಕೆಳಗಿನವನು. ಐವತ್ತು ದಾಟಿದ ಮೇಲೆ ಇದನ್ನು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ಮಗಳು ಕಾಲೇಜಿನ ಗ್ರಂಥಾಲಯದಿಂದ ತಂದ ದಪ್ಪ ಕಾದಂಬರಿಯೊಂದು ಆ ಅಜ್ಞಾನದ ಸುಖವನ್ನು ಕಸಿದುಕೊಂಡಿತು. ಆಫ್ರಿಕಾದ ಹುಡುಗಿಯೊಬ್ಬಳನ್ನು ಹಿಡಿದು, ಸಂಕೋಲೆ ಹಾಕಿ, ಸಮುದ್ರದಾಚೆ ಮಾರಲು ಒಯ್ಯುವ ಕಥೆ ಅದು.

ಇಳಕಲ್ಲಿನ ನಮ್ಮ ಮನೆಯಲ್ಲಿ ಮಧ್ಯಾಹ್ನ ಅಡುಗೆಮನೆ ತೊಳೆದಾದ ಮೇಲೆ ಅತ್ತೆಗೆ ಏನಾದರೂ ಓದಿ ಹೇಳುವುದು ರೂಢಿ. ಅವರ ಕಣ್ಣು ಮಂದ, ಕಿವಿ ಚುರುಕು. ಶ್ರಾವಣದಲ್ಲಿ ಮಠದ ಪುರಾಣ ಕೇಳಿ ಬೆಳೆದವರು. ಪುರಾಣಕ್ಕೊಂದು ನೇಮವಿದೆ: ದುಃಖದ ಘಟ್ಟದಲ್ಲಿ ಅಂದಿನ ಓದು ನಿಲ್ಲಿಸಬಾರದು. ಶರಣನ ಕೈಹಿಡಿಯಲು ಶಿವ ಬರುವತನಕ ಎಳೆದು, ಆಮೇಲೆ ಮಂಗಳ ಹಾಡಬೇಕು. ಕಾದಂಬರಿಗೂ ಅದೇ ನೇಮ ಎಂದುಕೊಂಡದ್ದು ನಮ್ಮಿಬ್ಬರ ತಪ್ಪು.

ಹುಡುಗಿಯನ್ನು ಹಡಗಿನ ತಳಕ್ಕೆ ನೂಕಿದರು. ಅಲ್ಲಿ ನಿಲ್ಲಿಸುವಂತಿಲ್ಲ.

"ಮುಂದ ಓದವಾ, ಚಲೋದು ಬರ್ತೈತಿ," ಎಂದರು ಅತ್ತೆ.

ಮುಂದೆ ಚಾಟಿ ಬಂತು, ಜ್ವರ ಬಂತು, ಪಕ್ಕದಲ್ಲಿ ಮಲಗಿದ್ದವಳು ಸತ್ತಳು. ಚಹಾದ ಹೊತ್ತು ಮೀರಿ ನನ್ನ ಗಂಟಲು ಒಣಗಿತು. ಶಿವ ಬರಲಿಲ್ಲ. ಬಂದವನು ಕ್ಯಾಪ್ಟನ್. ಅವನೂ ದೇವರನ್ನು ನೆನೆದೇ ಊಟಕ್ಕೆ ಕುಳಿತ. ನನಗೆ ಚುಚ್ಚಿದ್ದು ಅಲ್ಲಿ. ಪೂಜೆಯ ಹೊತ್ತಿಗೆ ನಾನೂ ದೇವರೆದುರು 'ನಿನ್ನ ತೊತ್ತು ನಾನು' ಎನ್ನುತ್ತೇನೆ. ಹಾಗೆಂದವಳನ್ನು ಯಾರೂ ಮಾರಲಾರರೆಂಬ ಧೈರ್ಯದಲ್ಲಿ ಆಡುವ ಮಾತದು.

ರಾತ್ರಿ ಅತ್ತೆಯ ತಟ್ಟೆಯಲ್ಲಿ ಊಟ ಹಾಗೇ ಉಳಿಯಿತು. ನಮ್ಮ ಮನೆಯವರು ಅದನ್ನು ನೋಡಿ ನನ್ನ ಕಡೆ ತಿರುಗಿದರು. "ಅವ್ವನ ಬಿಪಿ ಏರಸಾಕ ಇದೊಂದು ಬೇಕಾಗಿತ್ತೇನು? ನಾಳೆ ಪುಸ್ತಕ ವಾಪಸ್ ಕೊಟ್ಟು ಕಳಸು."

ನಾನು ಹೂಂ ಎನ್ನುವವಳಿದ್ದೆ. ಅತ್ತೆ ಬಿಡಲಿಲ್ಲ.

"ಪುಸ್ತಕ ಮುಚ್ಚಿದ್ರ ಆ ಹುಡುಗಿ ಹೊರಗ ಬರ್ತಾಳೇನಪಾ? ಅಲ್ಲೇ ಕತ್ತಲದಾಗ ಇರ್ತಾಳ. ಆಕಿ ಇಳಿಯೂತನಕ ನಾವೂ ಇಳಿಯಂಗಿಲ್ಲ."

"ಮತ್ತ ನಿನ್ನ ಬಿಪಿ?"

"ಗುಳಿಗಿ ನುಂಗೇ ಕೇಳ್ತೇನಿ, ತಗೋ."

ಈಗ ನಮ್ಮದು ಬೇರೆ ನೇಮ. ದಿನಕ್ಕೊಂದು ಅಧ್ಯಾಯ, ಅದು ಎಲ್ಲಿ ಮುಗಿದರೂ ಅಲ್ಲಿಗೇ ನಿಲ್ಲಿಸುವುದು. ಮಂಗಳದ ದಾರಿ ಕಾಯುವುದಿಲ್ಲ. ಕಂಡಷ್ಟು ಸಣ್ಣ ಕೃಪೆಗಳನ್ನು ಹೆಕ್ಕಿಕೊಳ್ಳುತ್ತೇವೆ. ನಿನ್ನೆಯ ಓದಿನಲ್ಲಿ ಒಬ್ಬ ಮುದುಕಿ ತನ್ನ ಪಾಲಿನ ನೀರಿನಲ್ಲಿ ಒಂದು ಗುಟುಕು ಹುಡುಗಿಗೆ ಕುಡಿಸಿದಳು. ಅತ್ತೆ ಕೈಮುಗಿದರು. ಯಾರಿಗೆಂದು ನಾನು ಕೇಳಲಿಲ್ಲ.

ಇಂದಿನ ಅಧ್ಯಾಯದಲ್ಲಿ ದಡ ಸಿಗುತ್ತದೆ, ದಡದ ಮೇಲೆ ಮನುಷ್ಯರ ಸಂತೆ. ಅಧ್ಯಾಯದ ತಲೆಬರಹವನ್ನು ನಿನ್ನೆಯೇ ಓದಿ ಹೇಳಿದ್ದರಿಂದ ಅದು ಇಬ್ಬರಿಗೂ ಗೊತ್ತು. ಅತ್ತೆ ಆಗಲೇ ಗುಳಿಗೆ ನುಂಗಿ ಗೋಡೆಗೆ ಒರಗಿ ಕುಳಿತಿದ್ದಾರೆ. ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದೇನೆ.